ಕಾಟಯ್ಯನ ಉಪ್ಪಿನ ಗಂಟು

ಕಾಟಯ್ಯ ಮತ್ತೋಡು ಕಡೆಯ ಗೊಲ್ಲರ ಹಟ್ಟಿಯವನು. ನಲವತ್ತು ಕುರಿ, ಒಂದು ಕಂಬಳಿ, ಎರಡೂ ಕಣ್ಣಿಗೆ ಪೊರೆ. ಹೆಂಡತಿ ಕೆಂಚಕ್ಕ ತೀರಿಕೊಂಡ ಮೇಲೆ ಒಬ್ಬನೇ ಮಂದೆ ಹೊಡೆದುಕೊಂಡು ಬೇಸಿಗೆಗೆ ಹಿರಿಯೂರು ಸೀಮೆಗೆ ಬರುತ್ತಿದ್ದ. ರೈತರು ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿಕೊಂಡು ಅವನಿಗೆ ಊಟ ಹಾಕುತ್ತಿದ್ದರು. ಅವನಿಗೆ ನಾಲ್ಕು ಮಾತು ಸಿಗುತ್ತಿದ್ದುದೂ ಆ ಹೊಲಗಳಲ್ಲೇ.

1975ರ ಬೇಸಿಗೆಯಲ್ಲಿ ಬಬ್ಬೂರಿನ ರೈತ ಮಾರಣ್ಣ, "ಯೂರಿಯಾ ತಂದೀನಿ ಕಾಟಜ್ಜ, ಈ ಸಲ ಕುರಿ ಬ್ಯಾಡ" ಎಂದ. ಬರಿಗೈಲಿ ಕಳಿಸಲಾರದೆ, ಕುರಿಗೆ ನೆಕ್ಕಿಸಲು ಮನೆಯಿಂದ ಒಂದು ಗಂಟು ಉಪ್ಪು ಕೊಡಿಸಿದ.

ಮಾರನೆಯ ದಿನ ಒಂದು ಕುರಿ ಆ ಗಂಟಿಗೆ ಬಾಯಿ ಹಾಕಿತು. ಸ್ವಲ್ಪ ಹೊತ್ತಿನಲ್ಲೇ ನಡುಗಿ, ಹೊಟ್ಟೆ ಉಬ್ಬಿ ಸತ್ತಿತು. ಗಂಟಿನಲ್ಲಿದ್ದದ್ದು ನಿಜವಾಗಿ ಉಪ್ಪೇ ಆದರೆ ಇದು ರೋಗ, ಉಳಿದ ಮಂದೆಗೂ ಹಬ್ಬಬಹುದು. ಉಪ್ಪಲ್ಲದಿದ್ದರೆ ಉಳಿದವು ಬದುಕಿದವು. ಯಾರೇ ಉಪ್ಪು ಕೊಡಲಿ, ಮೊದಲು ನಾಲಿಗೆಗೆ ಹಾಕಿ ನೋಡುತ್ತಿದ್ದವಳು ಕೆಂಚಕ್ಕ. ಅವನಿಗೆ ಆ ರೂಢಿ ಇರಲಿಲ್ಲ. ಈಗ ನೆಕ್ಕಲು ಭಯವಾಯಿತು.

ಬಬ್ಬೂರು ಕೃಷಿ ಫಾರಂನಲ್ಲಿ ಮಣ್ಣು ಪರೀಕ್ಷೆಯ ಕೋಣೆಯ ಕೆಲಸಗಾರ ನಾಗರಾಜಪ್ಪ ಅವನಿಗೆ ಪರಿಚಯ. ಗಂಟು ಹೊತ್ತು ಅಲ್ಲಿಗೆ ಹೋದ.

"ಏನಜ್ಜ, ಪರೀಕ್ಷೆ ಕೋಣೆಗೆ ಬಂದೀಯ, ನಿನ್ನ ಕುರಿ ಎಸ್ಸೆಸ್ಸೆಲ್ಸಿಗೆ ಕಟ್ಟ್ಯಾವಾ?"

"ನಗಬ್ಯಾಡಪ್ಪ. ಇದು ಉಪ್ಪೋ ಅಲ್ಲೋ, ನೋಡಿ ಹೇಳು."

ನಾಗರಾಜಪ್ಪ ತನ್ನ ಬುತ್ತಿಯ ಉಪ್ಪನ್ನು ಸೌಟಿಗೆ ಹಾಕಿ ದೀಪದ ಮೇಲೆ ಹಿಡಿದ. ಅದು ಚಟಪಟ ಎಂದು ಹಾಗೇ ಉಳಿಯಿತು. "ಇದು ನಿರವಯವ, ಕಲ್ಲು-ಮಣ್ಣಿನ ಜಾತಿ. ಈ ಬೆಂಕಿಗೆ ಜಗ್ಗಲ್ಲ. ಸಾವಯವ, ಅಂದ್ರೆ ಗಿಡ-ಪ್ರಾಣಿ ಜಾತೀದು ಆಗಿದ್ರೆ ಸಕ್ಕರೆ ಹಂಗೆ ಕರಗಿ ಕಪ್ಪಾಗುತ್ತೆ."

ಆ ಉಪ್ಪನ್ನು ಕಾಗದಕ್ಕೆ ಸುರಿದು, ಗಂಟಿನಿಂದ ಒಂದು ಚಿಟಿಕೆ ಸೌಟಿಗೆ ಹಾಕಿದ. ಅದು ಕರಗಿತು, ಬಿಳಿ ಹೊಗೆ ಬಂತು, ಆದರೆ ಕಪ್ಪಾಗಲಿಲ್ಲ.

"ಇದೇನು, ಅದೂ ಅಲ್ಲ ಇದೂ ಅಲ್ಲ!" ನಾಗರಾಜಪ್ಪ ತಲೆ ಕೆರೆದುಕೊಂಡ.

ಕಾಟಯ್ಯ ಮೂಗು ಮುಂದೆ ತಂದ. "ಬೆಳಿಗ್ಗೆ ನನ್ನ ಕುರಿ ದೊಡ್ಡಿ ಹಿಂಗೇ ನಾರ್ತೈತೆ. ಕುರಿ ಉಚ್ಚೆ ವಾಸನೆ ಇದು."

"ಹಂಗಾದ್ರೆ ಯೂರಿಯಾನೇ! ಮಾರಣ್ಣನ ಮನೇಲಿ ಉಪ್ಪಿನ ಗಡಿಗೆ, ಯೂರಿಯಾ ಗಡಿಗೆ ಅದಲುಬದಲು ಆಗಿರಬೇಕು. ಕಪ್ಪಾಗದಿದ್ರೂ ಇದು ಸಾವಯವಾನೇ ಅಂತ ನಮ್ಮ ಸಾಹೇಬ್ರು ಹೇಳಿದ್ರು, ನಾನೇ ಮರ್ತಿದ್ದೆ. ನಿನ್ನ ಮಂದೆಗೆ ರೋಗ ಇಲ್ಲ, ಹೋಗಜ್ಜ."

ಕಾಟಯ್ಯನಿಗೆ ಉಸಿರು ಬಂತು. ಆದರೂ ಏಳಲಿಲ್ಲ.

"ಉಚ್ಚೇಲಿರೋದೂ ಇದೂ ಒಂದೇನಾ?"

"ಉಚ್ಚೇಲೂ ಯೂರಿಯಾ ಐತೆ. ಇದನ್ನ ಕಾರ್ಖಾನೇಲಿ ಮಾಡ್ತಾರೆ, ಅಷ್ಟೇ."

"ಮತ್ತೆ ಮಾರಣ್ಣ ನನ್ನ ಯಾಕೆ ಬ್ಯಾಡ ಅಂದ?"

ನಾಗರಾಜಪ್ಪ ಸೌಟು ತೊಳೆಯತೊಡಗಿದ. ಕಾಟಯ್ಯ ಗಂಟನ್ನು ಅಲ್ಲೇ ಬಿಟ್ಟು, ಕಾಗದದ ಮೇಲೆ ಆರಿದ್ದ ಉಪ್ಪನ್ನು ಕೇಳಿ ಇಸಿದುಕೊಂಡ.

ಮಂದೆಯ ಹತ್ತಿರ ಬಂದು ಕೆಂಚಕ್ಕನಂತೆ ಒಂದು ಹರಳು ನಾಲಿಗೆಗೆ ಇಟ್ಟುಕೊಂಡ.

"ಉಪ್ಪೇ ಕಣೇ" ಎಂದ. ಕುರಿಗಳು ತಲೆ ಎತ್ತಿ ನೋಡಿ, ಮತ್ತೆ ಮೇಯತೊಡಗಿದವು.