ಎಡಗಡೆ ಬಟನ್ನಿನ ಟೇಪು

ಲೋಕೇಶಣ್ಣ, ಪ್ರೆಸ್ಸಿನ ಎಡಗಡೆ ಬಟನ್ನಿಗೆ ಟೇಪು ಸುತ್ತಿದವನು ನಾನು. ನೀನಲ್ಲ. ಆರು ವರ್ಷದಿಂದ ಇದನ್ನು ನುಂಗಿಕೊಂಡು ನಿನ್ನ ಮನೆಯಲ್ಲಿ ಕಾಫಿ ಕುಡಿಯುತ್ತಾ ಬಂದಿದ್ದೇನೆ — ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಪೀಣ್ಯದ ಆ ಶೆಡ್ಡಿನಲ್ಲಿ ತಗಡು ಒತ್ತುವ ಆ ಒಂದೇ ಮೆಷಿನ್ನಿಗೆ ಬೆಳಗಿನ ಶಿಫ್ಟ್ ನಾನು, ಮಧ್ಯಾಹ್ನದ್ದು ನೀನು. ಭಾನುವಾರ ಬಂದರೆ ರಾಜಗೋಪಾಲನಗರದ ನಿನ್ನ ಮನೆ. ನೀನು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವನು, ನಾನು ಗಿಟಾರ್ ಗೇಮಿನ ಹುಚ್ಚ. ಹಾಡು ಓಡುತ್ತಿದ್ದಂತೆ ಪರದೆಯ ಮೇಲೆ ಐದು ಬಣ್ಣದ ಬಿಲ್ಲೆಗಳು ಇಳಿದು ಬರುತ್ತವೆ; ಸರಿಯಾದ ಹೊತ್ತಿಗೆ ಆಯಾ ಬಣ್ಣದ ಗುಂಡಿ ಒತ್ತಬೇಕು. ಯಾವ ಸ್ವರಕ್ಕೆ ಯಾವ ಬಿಲ್ಲೆ ಎಂದು ಕೂರಿಸುವುದೇ ಚಾರ್ಟ್ ಮಾಡುವ ಕೆಲಸ. ನೀನೇ ಕಟ್ಟಿ ರೆಕಾರ್ಡ್ ಮಾಡಿದ್ದ ಹಾಡಿಗೆ ಚಾರ್ಟ್ ಮಾಡಲು ನಾನು ಹೊರಟೆ. ಮೊದಮೊದಲು ಕಿವಿಗೆ ಬಿದ್ದ ಸದ್ದಿಗೆಲ್ಲ ಬಿಲ್ಲೆ ಸುರಿದೆ. ನೀನು ನೋಡಿ ನಕ್ಕುಬಿಟ್ಟೆ.

"ಕೇಳ್ಸಿದ್ದನ್ನೆಲ್ಲಾ ತುಂಬ್ಬೇಡ ಕಣೋ. ನನ್ ಎಡಗೈ ಎಲ್ಲಿಗೋಗುತ್ತೆ ನೋಡು, ಅಷ್ಟೇ ಹಾಕು."

ಅವತ್ತಿನಿಂದ ನಿನ್ನ ಎಡಗೈಯನ್ನು ನೋಡಿಯೇ ಕಲಿತೆ.

ಆದರೂ ಹಾಡಿನ ಮಧ್ಯಕ್ಕೆ ಬರುವಷ್ಟರಲ್ಲಿ ಬಿಲ್ಲೆಗಳು ಸದ್ದಿನಿಂದ ಜಾರುತ್ತಿದ್ದವು. ತಾಳದ ಕ್ಲಿಕ್ ಇಟ್ಟುಕೊಳ್ಳದೆ ನುಡಿಸಿದ ಹಾಡು ಅದು — ನಿನಗೆ ಹುರುಪು ಬಂದಲ್ಲಿ ಓಡುತ್ತದೆ, ಮತ್ತೆ ನಿಧಾನಕ್ಕೆ ಬರುತ್ತದೆ. ಹಾಡಿನುದ್ದಕ್ಕೂ ಬೆರಳಿನಿಂದ ತಟ್ಟುತ್ತಾ ಫೋನಿನಲ್ಲಿ ತಾಳ ಗುರುತು ಮಾಡಬೇಕಿತ್ತು. ಭಾನುವಾರದವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ.

ಪ್ರೆಸ್ಸಿಗೆ ಎರಡು ಬಟನ್. ಎರಡನ್ನೂ ಒಟ್ಟಿಗೆ ಒತ್ತಿದರಷ್ಟೇ ಅದು ಇಳಿಯಬೇಕು, ಎರಡು ಕೈಯೂ ಹೊರಗಿರಲಿ ಎಂದು. ಆ ಹಳೆಯ ಮೆಷಿನ್ನಿನಲ್ಲಿ ಒಂದನ್ನು ಟೇಪಿನಿಂದ ಅದುಮಿ ಕಟ್ಟಿದರೆ ಇನ್ನೊಂದೇ ಸಾಕಾಗುತ್ತಿತ್ತು. ಟಾರ್ಗೆಟ್ ಮುಟ್ಟಿಸಲು ಕೆಲವರು ಹಾಗೆ ಮಾಡುತ್ತಿದ್ದರು. ನಾನು ಮಾಡಿದ್ದು ಆಟಕ್ಕೆ. ಬಲಗೈಯಲ್ಲಿ ಪ್ರೆಸ್, ಎಡಗೈಯಲ್ಲಿ ಫೋನ್, ಕಿವಿಯಲ್ಲಿ ನಿನ್ನ ಗಿಟಾರ್. ಎಷ್ಟು ಖುಷಿಯಾಗಿತ್ತು ಎಂದರೆ — ಹೇಳಲು ನಾಚಿಕೆಯಾಗುತ್ತದೆ. ಶಿಫ್ಟ್ ಮುಗಿದದ್ದೇ ತಡ, ಚಾರ್ಟಿಗೆ ತಾಳ ಕೂರಿಸಲು ರೂಮಿಗೆ ಓಡಿದೆ. ಟೇಪು ಬಿಚ್ಚಲಿಲ್ಲ.

ಮಧ್ಯಾಹ್ನ ಮೆಷಿನ್ನಿಗೆ ಬಂದವನೇ, ಟೇಪು ನೋಡದೆ, ಸಿಕ್ಕಿಕೊಂಡ ತಗಡನ್ನು ಬಿಡಿಸಲು ನೀನು ಎಡಗೈ ಒಳಗೆ ಹಾಕಿದೆಯಂತೆ. ಬಲಗೈ ಬಟನ್ನಿಗೆ ತಾಗಿತಂತೆ. ಮೂರು ಬೆರಳು...

ಮರುದಿನ ಸೂಪರ್‌ವೈಸರ್ ಎಲ್ಲರನ್ನೂ ನಿಲ್ಲಿಸಿಕೊಂಡರು. "ಆ ಟೇಪ್ ಯಾರ್ರೀ ಹಾಕಿದ್ದು?"

ಗೊತ್ತಿಲ್ಲ ಎಂದು ಸುಮ್ಮನಾಗಬಹುದಿತ್ತು. ನಾನು ಅಷ್ಟಕ್ಕೇ ನಿಲ್ಲಲಿಲ್ಲ. "ನಾನ್ ಹೋಗ್ಬೇಕಾದ್ರೆ ಇರ್ಲಿಲ್ಲ ಸಾರ್. ಬೇಗ ಮುಗಿಸ್ಬೇಕು ಅಂತ ಅವ್ರೇ ಹಾಕ್ಕೊಂಡಿರ್ಬೇಕು."

ಅವರು ಹಾಗೆಯೇ ಬರೆದುಕೊಂಡರು. ತಪ್ಪು ನಿನ್ನದೇ ಎಂದು ನಿನ್ನನ್ನು ಕೆಲಸದಿಂದ ತೆಗೆದರು.

ಆಸ್ಪತ್ರೆಯಲ್ಲಿ ನೀನು ನನ್ನನ್ನೇ ಕೇಳಿದೆ. "ನಾನೇ ಹಾಕಿದ್ನೇನೋ? ನೆನಪೇ ಆಗ್ತಿಲ್ಲ ಕಣೋ."

ಆಗಲಾದರೂ ಬಾಯಿ ಬಿಡಬೇಕಿತ್ತು. ಸಮಾಧಾನ ಹೇಳುವವನ ಹಾಗೆ, "ಆಗಿದ್ದಾಗೋಯ್ತು ಬಿಡಣ್ಣ" ಎಂದೆ.

ಇಲ್ಲದ ನೆನಪನ್ನು ನೀನೇ ಹುಟ್ಟಿಸಿಕೊಂಡಿದ್ದೀಯ ಈಗ. ಕೇಳಿದವರಿಗೆಲ್ಲ, "ಅವಸರದಲ್ಲಿ ನಾನೇ ಸುತ್ತಿದೆ" ಎನ್ನುತ್ತೀಯ. ಕೆಂಪು ಟೇಪು ಎಂದೂ ಹೇಳುತ್ತೀಯ. ಅದು ಕಪ್ಪು ಟೇಪು, ಅಣ್ಣ. ಹೋದ ವಾರ ಅತ್ತಿಗೆ ಕಾಫಿ ಕೊಡುತ್ತಾ, "ಅವಸರಗೇಡಿ, ತನ್ ಕೈನ ತಾನೇ ಕಳ್ಕೊಂಡ್ರು" ಎಂದರು. ನೀನು ಮುಖ ಕೆಳಗೆ ಹಾಕಿದೆ. ನಾನು ಲೋಟ ಕೆಳಗಿಡಲಿಲ್ಲ, ಕುಡಿದು ಮುಗಿಸಿದೆ.

ಇದನ್ನು ಬರೆದು ಮುಗಿಸಿದ ಮೇಲೆ ನಿನ್ನ ಮನೆಗೆ ಬರುತ್ತೇನೆ. ಅತ್ತಿಗೆಯನ್ನೂ ಕೂರಿಸಿ ಓದುತ್ತೇನೆ. ಅವರು ಇಷ್ಟು ವರ್ಷ ನಿನ್ನನ್ನು ಬೈದದ್ದೆಲ್ಲ ನನಗೆ ಬರಬೇಕಾಗಿದ್ದದ್ದು. ಸೂಪರ್‌ವೈಸರ್ ಎಲ್ಲಿದ್ದರೂ ಹುಡುಕಿ, ಆ ಬರಹವನ್ನು ತಿದ್ದಿಸಲು ನೋಡುತ್ತೇನೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ ಅಣ್ಣ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ.