ಕಹಿಗೆಣಸಿನ ಎಡೆ

ಉದಗೀರಕ್ಕೂ ದೇವಣಿಗೂ ನಡುವಿನ ನಮ್ಮೂರಲ್ಲಿ, ಮಳೆಗಾಲ ಹಿಡಿಯುವ ಹೊತ್ತಿಗೆ ಜೋಳದ ಹಗೇವು ತಳ ಕಾಣುತ್ತಿತ್ತು. ಹೊಸ ಕಾಳು ಬರುವವರೆಗೆ ನಮಗೆ ಊಟ ಹಾಕುತ್ತಿದ್ದುದು ಗುಡ್ಡ. ನಾವು ಹೊಲ ಇದ್ದವರು, ಕೊಟ್ಟಿಗೆಯಲ್ಲಿ ದೇವಣಿ ಎತ್ತುಗಳಿದ್ದವು. ಹಾಗಾಗಿ ಗುಡ್ಡದ ಅನ್ನ ಉಂಡವರೆಂದು ಹೇಳಿಕೊಳ್ಳಲು ನಮ್ಮ ಮಂದಿಗೆ ನಾಚಿಕೆ. ನನಗಿಲ್ಲ. ತಗಚೆ ಸೊಪ್ಪು, ಮಡಹಾಗಲ, ಕಾರೆಹಣ್ಣು ತಿಂದೇ ಈ ಮೈ ಬೆಳೆದದ್ದು.

ಎಲ್ಲಕ್ಕಿಂತ ಹೊಟ್ಟೆ ತುಂಬಿಸುತ್ತಿದ್ದುದು ಕಹಿಗೆಣಸು. ಅದರಲ್ಲಿ ವಿಷವಿದೆ. ಅಜ್ಜಿ ಅದನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ಬೂದಿ ಸವರಿ, ಬುಟ್ಟಿಗೆ ತುಂಬಿ, ಗುಡ್ಡದ ಬುಡದ ಹಳ್ಳದಲ್ಲಿ ಮೇಲೆ ಕಲ್ಲು ಹೇರಿ ಮುಳುಗಿಸುತ್ತಿದ್ದಳು. ಹರಿಯುವ ನೀರು ಹಗಲೂ ರಾತ್ರಿ ವಿಷವನ್ನು ತೊಳೆದೊಯ್ಯುತ್ತಿತ್ತು. ಆಮೇಲೆ ಬೇಯಿಸಿದರೆ ರುಚಿ ನೋಡುವ ಮಾತೇ ಇಲ್ಲ. ಲಿಂಗಕ್ಕೆ ಅರ್ಪಿಸದ ಅಡುಗೆ ನಾಲಿಗೆಗೆ ತಾಗಿದರೆ ಎಂಜಲು. ನಮ್ಮಲ್ಲಿ ಉಪ್ಪನ್ನೂ ಕಣ್ಣಳತೆಯಲ್ಲೇ ಹಾಕುತ್ತಿದ್ದರು. ಇನ್ನೊಂದು ಕಟ್ಟಳೆಯಿತ್ತು. ಅರ್ಪಿಸಿದ್ದರಲ್ಲಿ ಒಂದಗುಳೂ ತಟ್ಟೆಯಲ್ಲಿ ಉಳಿಯಬಾರದು. ಉಂಡವರು ತಟ್ಟೆ ತೊಳೆದು ಆ ನೀರನ್ನೂ ಕುಡಿಯಬೇಕು.

ನಿಜಾಮನ ರಾಜ್ಯ ಹೋಗಿತ್ತು, ಆದರೆ ಊರು ಇನ್ನೂ ನೆಮ್ಮದಿಯಿಂದ ಮಲಗಲು ಕಲಿತಿರಲಿಲ್ಲ. ಗಲಾಟೆಯಲ್ಲಿ ಅರ್ಧ ಹೊಲ ಬೀಳು ಬಿದ್ದಿತ್ತು. ಆ ಮಳೆಗಾಲಕ್ಕೆ ಮುಂಚೆ ಗುಡ್ಡದಿಂದ ಹೊಗೆ ಏಳತೊಡಗಿತು. ಯಾರೋ ಗುತ್ತಿಗೆದಾರ ಮರ ಕಡಿಸಿ ಇದ್ದಿಲು ಸುಡಿಸುತ್ತಿದ್ದಾನೆ ಎಂದರು. ಜೇನು ಎದ್ದು ಹೋದವು. ಮೇಯಲು ಹೋದ ದನ ಹೊಟ್ಟೆ ತುಂಬದೆ ತಿರುಗಿ ಬಂದವು. ಒಗೆದ ಬಟ್ಟೆಯ ಮೇಲೆ ಮಸಿ ಕೂರುತ್ತಿತ್ತು. "ಗುಡ್ಡ ಬ್ಯಾನಿ ಬಿದ್ದದ," ಎಂದಳು ಅಜ್ಜಿ. ನನಗೆ ಹೆದರಿಕೆಯಾಗಿ ಆಕೆಯ ಸೆರಗು ಹಿಡಿದುಕೊಂಡೆ.

ಒಂದು ದಿನ ನಮ್ಮ ಹೊಲದ ಬದುವಿನಲ್ಲೇ ಅಗೆದ ಗೆಣಸನ್ನು ಹೆಚ್ಚಿಕೊಂಡು ಹಳ್ಳಕ್ಕೆ ಹೋದೆವು. ಹಳ್ಳಕ್ಕೆ ಅಡ್ಡವಾಗಿ ಮುಳ್ಳಿನ ಬೇಲಿ ಎದ್ದಿತ್ತು. ಗುತ್ತಿಗೆದಾರನ ಕಾವಲುಗಾರ ಕೋಲು ಅಡ್ಡ ಹಿಡಿದು, "ಆತ ಯಾಯ್ಚಂ ನಾಹೀ," ಒಳಗೆ ಬರಕೂಡದೆಂದು ಮರಾಠಿಯಲ್ಲಿ ಗದರಿದ.

"ಗೆಣಸ ನಮ್ಮ ಹೊಲದ್ದೇ ಅದ, ಅಣ್ಣಾ. ನೀರಾಗ ಬುಟ್ಟಿ ಇಟ್ಟು ಹೋಗ್ತೀನಿ," ಎಂದಳು ಅಜ್ಜಿ.

ಅವನು ಕೋಲನ್ನು ನೆಲಕ್ಕೆ ಬಡಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಬರದಿದ್ದರೇ ಚೆನ್ನಾಗಿತ್ತು.

ಮನೆಯಲ್ಲಿ ಬೇರೆ ಏನಿತ್ತು? ಅಜ್ಜಿ ಗೆಣಸನ್ನು ಹರವಿಯಲ್ಲಿ ನೆನೆಹಾಕಿ, ಬಾವಿಯಿಂದ ಸೇದಿ ಸೇದಿ ನೀರು ಬದಲಿಸಿದಳು. ಲೋಳೆ ಹೋಯಿತು, ನೊರೆ ಬರುವುದು ನಿಂತಿತು, ಕೈ ತುರಿಸಲಿಲ್ಲ. ಹದ ಬಂತೆಂದು ಬೇಯಿಸಿದಳು.

ಅಜ್ಜ ಮೊದಲು ಉಣ್ಣುವವನು. ಎಡ ಅಂಗೈಯಲ್ಲಿ ಲಿಂಗ ಹಿಡಿದು, ಅರ್ಪಿಸಿ, ತುತ್ತು ಬಾಯಿಗಿಟ್ಟ. ಇನ್ನೊಂದು ತುತ್ತು ನುಂಗಿದ. ಕಣ್ಣಲ್ಲಿ ನೀರು ಬಂತು.

"ಕಹಿ ಅದೇನ್ರೀ?" ಅಜ್ಜಿ ಮುಂದಕ್ಕೆ ಬಾಗಿ ಕೇಳಿದಳು.

"ಹೂಂ."

"ಬಿಡ್ರೀ ಮತ್ತ!"

"ಅರ್ಪಿತ ಆಗ್ಯಾದ. ಹೆಂಗ ಬಿಡ್ಲಿ?" ಎಂದು ಅಜ್ಜ ಮತ್ತೆ ಕೈ ಹಾಕಿದ.

ಅಜ್ಜಿ ತಟ್ಟೆಯನ್ನು ಕಿತ್ತುಕೊಂಡಳು. ಗಂಡನ ಪ್ರಸಾದ ಹೆಂಡತಿ ಉಣ್ಣಬಹುದು; ಆ ಕಟ್ಟಳೆಯೂ ಇತ್ತಲ್ಲ! ಗೋಡೆಗೆ ಬೆನ್ನು ಕೊಟ್ಟು, ಉಳಿದದ್ದನ್ನೆಲ್ಲ ಗಬಗಬನೆ ತಿಂದಳು. ತಟ್ಟೆಗೆ ನೀರು ಹಾಕಿ ಬೆರಳಿನಿಂದ ಬಳಿದು ಕುಡಿದಳು. ಮಡಕೆಯನ್ನು ಕಾಲಿನಿಂದ ದೂಡಿ, "ಯಾರೂ ಮುಟ್ಟಬ್ಯಾಡ್ರಿ," ಎಂದಳು.

ತಟ್ಟೆಯಲ್ಲಿದ್ದುದನ್ನು ತಿಪ್ಪೆಗೆ ಎಸೆಯಬಹುದಿತ್ತು. ಅವರಿಬ್ಬರಿಗೂ ಅದು ಹೊಳೆಯಲೇ ಇಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ಅಜ್ಜ ಅಂಗಳದಲ್ಲಿ ವಾಂತಿ ಮಾಡಿಕೊಂಡು ಉಳಿದ. ಅಜ್ಜಿಯ ತುಟಿ ಮರಗಟ್ಟಿತು, ಕೈಕಾಲು ಸೆಟೆದವು. ಉದಗೀರಕ್ಕೆ ಒಯ್ಯಲೆಂದು ಗಾಡಿ ಹೂಡಿದರು. ಗಾಡಿ ಆ ಬೇಲಿಯನ್ನು ದಾಟುವಷ್ಟರಲ್ಲಿ ಆಕೆಯ ಉಸಿರು ನಿಂತಿತ್ತು. ಬೇಲಿಯಾಚೆ ಹಳ್ಳ ಹರಿಯುವ ಸದ್ದು ಕೇಳುತ್ತಿತ್ತು.

ಮುಂದೆ ಗುಡ್ಡ ಬೋಳಾದ ಮೇಲೆ ಗುತ್ತಿಗೆದಾರ ಹೊರಟುಹೋದ. ಬೇಲಿಯನ್ನು ಯಾರೋ ಒಲೆಗೆ ಹಾಕಿದರು. ಒಮ್ಮೆ ಮಠದ ಅಯ್ಯನವರು ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಅಜ್ಜ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವ ಮೊದಲೇ ರೊಟ್ಟಿ ಮುರಿದು, ಪಲ್ಯ ಹಚ್ಚಿ ಬಾಯಿಗಿಟ್ಟುಕೊಂಡ.

"ಎಂಜಲ ಎಡಿ ಹಿಡೀತೀಯೇನೋ?" ಅಯ್ಯನವರು ಕೆರಳಿದರು.

"ಆಕಿ ಒಮ್ಮಿ ನಾಲಿಗಿಗೆ ಹಚ್ಚಿ ನೋಡಿದ್ರ ಇವತ್ತು ಇರ್ತಿದ್ಳು, ಅಯ್ನೋರೆ," ಎಂದ ಅಜ್ಜ. "ಅದಕ್ಕ ನಾ ನೋಡ್ತೀನಿ."

ಅಯ್ಯನವರು ಉಣ್ಣದೆ ಎದ್ದು ಹೋದರು. ಅಜ್ಜ ತಡೆಯಲಿಲ್ಲ. ನಮ್ಮೆಲ್ಲರ ತಟ್ಟೆಯಿಂದಲೂ ಒಂದೊಂದು ಚೂರು ತೆಗೆದು ತಿಂದು, ತನಗೇನೂ ಆಗಲಿಲ್ಲವೆಂದು ಕಾದು ನೋಡಿ, ಆಮೇಲೆ "ಉಣ್ರಿ," ಎಂದ.