ಛತ್ರಿ ಮೇಷ್ಟ್ರ ಬೀಜಗಳು

ನಾನು ಕೊಟ್ಟೂರಿನ ಹೈಸ್ಕೂಲಿಗೆ ಕನ್ನಡ ಪಾಠ ಮಾಡಲು ಸೇರಿದಾಗ ವಿಜ್ಞಾನದ ಮೇಷ್ಟ್ರು ನನ್ನ ಪಕ್ಕದ ಮನೆಯಲ್ಲಿದ್ದರು. ಎದುರಿನ ನಲ್ಲಿಗೆ ಹೋಗುವಾಗಲೂ ಛತ್ರಿ ಬಿಚ್ಚುತ್ತಿದ್ದರು. ‘ನಮ್ಮ ಬಿಸಲು ಭಾಳ ಕೆಟ್ಟದ್ದು ನೋಡ್ರಿ’ ಎನ್ನದೆ ಅವರ ಮಾತು ಮುಗಿಯುತ್ತಿರಲಿಲ್ಲ.

ಒಮ್ಮೆ ಕರಾವಳಿಯ ಗೆಳೆಯರೊಬ್ಬರು ಅವರಿಗೆ ಹುಳ ಹಿಡಿದು ತಿನ್ನುವ ಗಿಡದ ಬೀಜ ಕಳಿಸಿದರು, ನಸ್ಯದಷ್ಟು ನುಣ್ಣಗಿದ್ದವು. ಗಿಡವನ್ನೇ ತೋರಿಸುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟ ಮೇಷ್ಟ್ರು, ಒದ್ದೆ ಮರಳಿನ ಮೇಲೆ ಅವನ್ನು ಉದುರಿಸಿ, ತಟ್ಟೆಯನ್ನು ನೀರಿನ ಗಡಿಗೆಯ ಪಕ್ಕ ತಂಪಿನಲ್ಲಿಟ್ಟರು. ಎರಡು ತಿಂಗಳಾದರೂ ಒಂದೂ ಮೊಳೆಯಲಿಲ್ಲ.

ಬೇಸಿಗೆಯಲ್ಲಿ ಅವರು ಪೇಪರ್ ತಿದ್ದಲು ಹದಿನೈದು ದಿನ ಬಳ್ಳಾರಿಗೆ ಹೋದರು. ಅವರ ಹೆಂಡತಿ ಆ ತಟ್ಟೆಯನ್ನು ನೀರು ಹಾಕಿದ ಪರಾತದಲ್ಲಿಟ್ಟು, ಸಂಡಿಗೆ ಒಣಗಿಸುವ ಮಾಳಿಗೆಗೆ ಒಯ್ದರು.

ಮರಳಿ ಬಂದ ಮೇಷ್ಟ್ರ ಕೂಗು ನಮ್ಮ ಮನೆಗೂ ಕೇಳಿಸಿತು. ‘ಸುಟ್ಟು ಬೂದಿ ಆಗಿರ್ತಾವ! ಮಕ್ಕಳಿಗೆ ಹೆಂಗ ಮುಖ ತೋರಿಸ್ಲಿ?’

‘ಮೊದಲು ಮಾಳಗಿ ಹತ್ತಿ ನೋಡ್ರಿ’ ಎಂದರು ಹೆಂಡತಿ.

ನಾನೂ ಹಿಂದೆಯೇ ಹತ್ತಿದೆ. ಸುಡು ಮಧ್ಯಾಹ್ನ. ಮರಳಿನ ತುಂಬ ಸಾಸಿವೆ ಕಾಳಿನಷ್ಟು ಮೊಳಕೆಗಳು! ಮೇಷ್ಟ್ರು ಭೂತಗನ್ನಡಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದರು. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

‘ಛತ್ರಿ ತರ್ಲೇನ್ರಿ ಸರ್?’ ಎಂದೆ.

‘ಬ್ಯಾಡ್ರಿ’ ಎಂದರು, ತಲೆಯೆತ್ತದೆ. ‘ಇವಕ್ಕ ನೆರಳು ಬೀಳ್ತೈತಿ.’